ಒರೆಸ್ತೆಯ ಸೈಕಲ್ಲು

ಪೊಂತೆಸ್ತೊರ್ತೊ,
4 ಆಗಸ್ಟ್ 2003

ಶ್ರೀಮಾನ್ ಎರ್ಮೆಸ್ ಅವರಿಗೆ,

ನಾನು ಕ್ಲೆಲಿಯಾ, ಒರೆಸ್ತೆಯ ಹೆಂಡತಿ. ಕಳೆದ ನವೆಂಬರಿನಿಂದ ಅವನ ವಿಧವೆ. ಸುದ್ದಿ ತಿಳಿಸಿ ನಿಮಗೆ ಕಾರ್ಡು ಹಾಕಿದ್ದೆ, ನೀವು ಬರಲಿಲ್ಲ. ಹೆಸರಿಲ್ಲದ ಒಂದು ಹೂಗುಚ್ಛ ಮಾತ್ರ ಬಂತು. ನಿಮ್ಮದೇ ಇರಬೇಕು ಅಂದುಕೊಂಡೆ, ಯಾಕೆಂದರೆ ಹೆಸರು ಬರೆಯಲು ನಾಚಿಕೊಳ್ಳುವಂಥವರು ಅವನಿಗೆ ಬೇರೆ ಯಾರೂ ಇರಲಿಲ್ಲ. ಹೋಗಲಿ, ಜಗಳಕ್ಕೆ ಬರೆಯುತ್ತಿಲ್ಲ. ಫೋನು ಮಾಡೋಣವೆಂದರೆ ಕಾರ್ಖಾನೆಯ ಸದ್ದಿಗೆ ನಿಮ್ಮ ಕಿವಿ ಪೂರ್ತಿ ಹೋಗಿದೆಯಂತೆ. ಅದಕ್ಕೇ ಕಾಗದ.

ಈ ಬೇಸಿಗೆ ನಮ್ಮ ಪೋ ನದಿಯನ್ನು ಕೋಳಿ ಕೂಡ ನಡೆದು ದಾಟಬಹುದು. ಹಳೇ ಕಾಲುವೆ ನಮ್ಮ ಕಾಲದಲ್ಲಿ ಮೊದಲ ಸಲ ತಳ ಕಂಡಿದೆ. ಇಡೀ ಊರು ದಂಡೆಯ ಮೇಲೆ ನಿಂತಿದೆ. ಎರಡು ದೋಣಿ, ಒಂದು ಹೊಲಿಗೆ ಯಂತ್ರ, ಹಳೇ ಪೋಸ್ಟ್‌ಮಾಸ್ಟರ ಕಟ್ಟುಹಲ್ಲು, ಇಷ್ಟು ಈವರೆಗೆ ಸಿಕ್ಕಿದೆ. ಕೆಸರಿನಿಂದ ಯಾರು ಎಳೆದರೋ ಅವರದೇ ವಸ್ತು, ಇಲ್ಲಿಯ ರೂಢಿ ನಿಮಗೆ ಗೊತ್ತೇ ಇದೆ. ನಾನು ಎಳೆದದ್ದು ಒಂದು ಸೈಕಲ್ಲು.

ಅಂತಿಂಥ ಸೈಕಲ್ಲಲ್ಲ. ಹಿಂದಿನ ಚಕ್ರ ಸಣ್ಣದು, ಮುಂದಿನದು ಇನ್ನೂ ಸಣ್ಣದು. ಹ್ಯಾಂಡಲ್ಲು ಹೋರಿಯ ಕೊಂಬಿನಂತೆ ಎದೆಮಟ್ಟ ಎದ್ದಿದೆ. ಸೀಟು ಬಾಳೆಹಣ್ಣಿನ ಹಾಗೆ ಉದ್ದಕ್ಕೆ, ಅದರ ಹಿಂದೆ ಬೆನ್ನೊರಗಲು ಕಬ್ಬಿಣದ ಕಮಾನು. ಎಲ್ಲಕ್ಕಿಂತ ಮಿಗಿಲಾಗಿ, ಎರಡು ಮೊಣಕಾಲಿನ ನಡುವೆ ಕಾರಿನಲ್ಲಿರುವಂಥ ಗೇರ್ ಲಿವರು. ಕಂಪನಿಯ ಹೆಸರಿಲ್ಲ, ನಂಬರಿಲ್ಲ.

ಒರೆಸ್ತೆ ಜೀವಮಾನವಿಡೀ ವರ್ಣಿಸಿದ ಸೈಕಲ್ಲು ಹೀಗೇ ಇತ್ತು. ಅರವತ್ತೆಂಟರಲ್ಲಿ, ಇಟಲಿಯಲ್ಲಿ ಯಾರೂ ಇಂಥದ್ದು ಕಂಡಿರದ ಕಾಲದಲ್ಲಿ, ನಮ್ಮ ಸೈಕಲ್ ರಿಪೇರಿ ಅಂಗಡಿಯ ಬಾಗಿಲು ಮುಚ್ಚಿಕೊಂಡು ನೀವಿಬ್ಬರೂ ಅದನ್ನು ಕಟ್ಟಿದಿರಂತೆ. ದೊಡ್ಡ ಕಂಪನಿಯವರಿಗೆ ತೋರಿಸಲು ನೀವು ಮಿಲಾನ್ ಮೇಳಕ್ಕೆ ಒಯ್ದಿರಂತೆ, ಸ್ಟೇಷನ್ನಿನಲ್ಲಿ ಕಳುವಾಯಿತೆಂದು ಬರಿಗೈಲಿ ಬಂದಿರಂತೆ. ಊರಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಹಾಗಾಗಿ ಒರೆಸ್ತೆ ಸುಳ್ಳುಬುರುಕನಾದ. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಕೇಳಿದ ಮೊದಲ ಜೋಕೇ ಅದು. ನಗರಸಭೆಯವರು ರಸ್ತೆ ಮಾಡಿಸುತ್ತೇವೆ ಅಂದರೆ ಕ್ಷೌರಿಕ ಅದೆಲ್ಮೊ ಇವತ್ತಿಗೂ, “ಬರುತ್ತೆ ಬಿಡ್ರಪ್ಪಾ, ಒರೆಸ್ತೆ ಸೈಕಲ್ ಮೇಲೆ ಕೂತ್ಕೊಂಡ್ ಬರುತ್ತೆ” ಅನ್ನುತ್ತಾನೆ. ಮೂವತ್ನಾಲ್ಕು ವರ್ಷ ನೆರೀನಾಳ ಬಾರಿನಲ್ಲಿ ಜನ ಹೀಗೆ ನಕ್ಕರು. ನನ್ನ ಗಂಡ ತನ್ನ ಲೋಟ ನೋಡುತ್ತಾ ಕೂತಿರುತ್ತಿದ್ದ. ನಾನು ಅವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ.

ಆ ಸೈಕಲ್ಲನ್ನು ಕಂಡವರಲ್ಲಿ ಬದುಕಿರುವವರು ನೀವೊಬ್ಬರೇ. ಮೂರು ಫೋಟೋ ಇಟ್ಟಿದ್ದೇನೆ. “ಇದು ಅದೇ” ಎಂದು ಒಂದು ಸಾಲು ಬರೆದು ಸಹಿ ಹಾಕಿ ಕಳಿಸಿ. ಬಾರಿನ ಗೋಡೆಗೆ ಅಂಟಿಸುತ್ತೇನೆ, ನನ್ನ ಗಂಡನ ಹೆಸರು ಉಳಿಯುತ್ತದೆ. ನಿಮ್ಮಿಂದ ಮತ್ತೇನೂ ಬೇಡ.

ಇಂತಿ,
ಕ್ಲೆಲಿಯಾ

*

ತೂರಿನ್,
19 ಆಗಸ್ಟ್ 2003

ಶ್ರೀಮತಿ ಕ್ಲೆಲಿಯಾ ಅವರಿಗೆ,

ತಮ್ಮ ಕಾಗದ ತಲುಪಿತು. ಒರೆಸ್ತೆಯ ಬಗ್ಗೆ ತುಂಬಾ ದುಃಖವಾಯಿತು. ಆಗ ನನಗೆ ಆರೋಗ್ಯ ಸರಿಯಿರಲಿಲ್ಲ.

ಫೋಟೋಗಳನ್ನು ಭೂತಗಾಜಿನಲ್ಲಿ ನೋಡಿದ್ದೇನೆ. ಇದು ಬೆಲ್ಜಿಯಂ ದೇಶದ ಸೈಕಲ್ಲು, ಎಪ್ಪತ್ತೆರಡರ ಆಸುಪಾಸಿನದು. ಅಲ್ಲಿಯ ಸಮುದ್ರತೀರದಲ್ಲಿ ಬಾಡಿಗೆಗೆ ಕೊಡಲು ಸಣ್ಣಪುಟ್ಟ ಕಾರ್ಖಾನೆಯವರು ಇಂಥವನ್ನು ಮಾಡುತ್ತಿದ್ದರು. ಯಾರೋ ಪ್ರವಾಸಿಗರು ತಂದು ಬಿಸಾಡಿ ಹೋಗಿದ್ದಾರೆ. ನಾನು ನಲವತ್ತು ವರ್ಷ ಲೋಹದ ಕೆಲಸ ಮಾಡಿದವನು, ಕಣ್ಣಿಗೆ ಬಿದ್ದೊಡನೆ ಹೇಳಬಲ್ಲೆ. ಇದಕ್ಕೂ ಒರೆಸ್ತೆಗೂ ಸಂಬಂಧವಿಲ್ಲ.

ಅದನ್ನು ಗುಜರಿಗೆ ಹಾಕುವುದು ಒಳ್ಳೆಯದು. ಕೆಸರಿನ ತುಕ್ಕು ಕೈಗೆ ತಾಗಿದರೆ ನಂಜಾಗುತ್ತದೆ.

ವಿಶ್ವಾಸಿ,
ಎರ್ಮೆಸ್

*

ಪೊಂತೆಸ್ತೊರ್ತೊ,
28 ಆಗಸ್ಟ್ 2003

ಶ್ರೀಮಾನ್ ಎರ್ಮೆಸ್ ಅವರಿಗೆ,

ನಿಮ್ಮ ಸಲಹೆಯಂತೆ ಗುಜರಿಗೆ ಹಾಕದೆ ವಿನೆಗರಿಗೆ ಹಾಕಿದೆ. ಹಂದಿ ಕೊಯ್ದಾಗ ಬಿಸಿನೀರು ತುಂಬುವ ನಮ್ಮ ದೊಡ್ಡ ಮರದ ತೊಟ್ಟಿಯಲ್ಲಿ ನಾಲ್ಕು ದಿನ ಮುಳುಗಿಸಿಟ್ಟೆ. ಬೀದಿಯೆಲ್ಲ ಉಪ್ಪಿನಕಾಯಿ ವಾಸನೆ. ತಮ್ಮ ಸೈಕಲ್ಲಿನ ಟ್ಯೂಬು ತೇಪೆಗೆ ನನ್ನ ಅಂಗಡಿಗೆ ಬಂದ ಪಾದ್ರಿ, “ಏನಮ್ಮಾ ಕ್ಲೆಲಿಯಾ, ಇಷ್ಟೊಂದು ಸೌತೆಕಾಯಾ?” ಎಂದು ಮುಚ್ಚಳ ಎತ್ತಿ ನೋಡಿ ಶಿಲುಬೆಯ ಗುರುತು ಮಾಡಿಕೊಂಡರು.

ಕೆಸರಿನೊಳಗೆ ಗಾಳಿಯಾಡದೆ ಫ್ರೇಮು ಚೆನ್ನಾಗಿಯೇ ಉಳಿದಿದೆ. ಚೈನು ಹೋಗಿದೆ, ಕಡ್ಡಿಗಳು ಮುಟ್ಟಿದರೆ ಪುಡಿ. ತುಕ್ಕೂ ಬಣ್ಣವೂ ಒಟ್ಟಿಗೇ ಎದ್ದು ಬಂದವು, ಉಳಿದದ್ದನ್ನು ತಂತಿಬ್ರಷ್ಷಿನಲ್ಲಿ ಉಜ್ಜಿ ಬರಿಯ ಲೋಹಕ್ಕೆ ತಂದೆ. ತುಕ್ಕು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

ಆಮೇಲೆ ಹ್ಯಾಂಡಲ್ಲಿನ ಹಿಡಿ ಕಿತ್ತೆ. ಒಳಗೆ ಏನಿತ್ತು ಗೊತ್ತೇ? ತಿರುಪಿನ ಸುತ್ತು. ನಲ್ಲಿ ಕೂರಿಸಲು ಪೈಪಿನ ತುದಿಗೆ ಕೊರೆಯುವ ತಿರುಪಿನ ಸುತ್ತು! ಅದು ಹ್ಯಾಂಡಲ್ಲೇ ಅಲ್ಲ, ಮನೆಗೆ ನೀರು ತರುವ ಪೈಪು, ಬಿಸಿ ಮಾಡಿ ಬಗ್ಗಿಸಿದ್ದಾರೆ. ಬೆಲ್ಜಿಯಂನಲ್ಲಿ ಸೈಕಲ್ ಹೊಡೆಯುತ್ತಾ ಬಾಯಾರಿದರೆ ಹ್ಯಾಂಡಲ್ಲಿಗೆ ನಲ್ಲಿ ಸಿಕ್ಕಿಸಿ ಕುಡಿಯುತ್ತಾರೋ?

ಬೊಲೊನ್ಯಾದ ಹಳೇ ಸೈಕಲ್ ಸಂಘಕ್ಕೂ ಫೋಟೋ ಕಳಿಸಿದ್ದೆ. ತಮ್ಮ ಪಟ್ಟಿಯಲ್ಲಿ ಇಂಥ ನಾನ್ನೂರ ಹನ್ನೆರಡು ಸೈಕಲ್ಲುಗಳಿವೆ, ಇದು ಅವುಗಳಲ್ಲಿ ಇಲ್ಲ, ಆದ್ದರಿಂದ ಇದು ಇರಲಾರದು ಎಂದು ಬರೆದಿದ್ದಾರೆ. ಇರಲಾರದ್ದರ ಮೇಲೆ ನಾನು ಈಗ ಬಟ್ಟೆ ಒಣಹಾಕಿದ್ದೇನೆ.

ಇನ್ನೊಮ್ಮೆ ನೋಡಿ ಹೇಳಿ.

ಇಂತಿ,
ಕ್ಲೆಲಿಯಾ

*

ತೂರಿನ್,
5 ಸೆಪ್ಟೆಂಬರ್ 2003

ಶ್ರೀಮತಿ ಕ್ಲೆಲಿಯಾ ಅವರಿಗೆ,

ಬಣ್ಣ ಕೆರೆದುಬಿಟ್ಟಿರಾ! ಹಳೇ ಸೈಕಲ್ಲಿನ ಬಣ್ಣ ಕೆರೆಯುವುದೆಂದರೆ ಮನುಷ್ಯನ ಬೆರಳಚ್ಚು ಅಳಿಸಿದ ಹಾಗೆ. ಇನ್ನು ಯಾವ ಪರಿಣತನೂ ಏನನ್ನೂ ಸಾಬೀತು ಮಾಡಲಾರ. ತಮ್ಮ ಕೈಯಾರೆ ಆದದ್ದು, ನಾನೇನು ಮಾಡಲಿ.

ಪೈಪಿನ ವಿಚಾರ ಕೇಳಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಇದು ಬೆಲ್ಜಿಯಂನದಲ್ಲ, ಯುಗೊಸ್ಲಾವಿಯಾದ್ದು. ಅಲ್ಲಿ ಸಾಮಾನಿಗೆ ಬರವಿತ್ತು, ಕೈಗೆ ಸಿಕ್ಕಿದ್ದನ್ನು ಬಳಸುತ್ತಿದ್ದರು. ನೀರಿನ ಪೈಪು, ಲಿವರಿನ ತುದಿಗೆ ಕೈಯಲ್ಲಿ ಕೆತ್ತಿದ ಅಕ್ರೋಟು ಮರದ ಗುಂಡು, ಇವೆಲ್ಲ ಅವರದೇ ಲಕ್ಷಣ. ಸರ್ಕಸ್ ಕಂಪನಿಯ ಜೊತೆ ಬಂದಿರಲೂಬಹುದು. ಕರಡಿಗಳಿಗೆ ಹಿಂದೆ ಒರಗಲು ಇಂಥ ಕಮಾನು ಬೇಕಾಗುತ್ತದೆ.

ಈ ವಿಷಯದಲ್ಲಿ ನನಗೆ ಹೇಳಲು ಬೇರೇನೂ ಉಳಿದಿಲ್ಲ.

ವಿಶ್ವಾಸಿ,
ಎರ್ಮೆಸ್

*

ಪೊಂತೆಸ್ತೊರ್ತೊ,
9 ಸೆಪ್ಟೆಂಬರ್ 2003

ಎರ್ಮೆಸ್,

ಸಾಕು, ಇನ್ನು “ಶ್ರೀಮಾನ್” ಅನ್ನುವುದಿಲ್ಲ. ನೀನು ನನಗಿಂತ ಎರಡೇ ವರ್ಷ ದೊಡ್ಡವನು, ಬುದ್ಧಿಯಲ್ಲಿ ಅಷ್ಟೂ ಇಲ್ಲ.

ನಾನು ಕಳಿಸಿದ ಫೋಟೋ ಇನ್ನೊಮ್ಮೆ ತೆಗೆದು ನೋಡು. ಲಿವರಿಗೆ ತಲೆಯೇ ಇಲ್ಲ, ಬರಿಯ ಕಂಬಿ. ಅದರ ತುದಿಗೆ ಗುಂಡು ಇತ್ತೆಂದು ನಿನಗೆ ಹೇಳಿದವರು ಯಾರು? ಅದು ಅಕ್ರೋಟು ಮರದ್ದೆಂದು ಹೇಳಿದವರು ಯಾರು? ಸರ್ಕಸ್ಸಿನ ಕರಡಿ ಬಂದು ಹೇಳಿತೇ?

ಕಮಾನಿನ ಕಥೆ ಕೇಳು. ನನ್ನ ಅತ್ತೆಯ ಕಬ್ಬಿಣದ ಮಂಚ ಅಟ್ಟದ ಮೇಲಿದೆ. ಅದರ ತಲೆಭಾಗದಲ್ಲಿ ಒಂದರೊಳಗೊಂದು ಮೂರು ಕಮಾನು ಇರಬೇಕಾದಲ್ಲಿ ಎರಡೇ ಇವೆ. ನಡುವಿನದನ್ನು ಗರಗಸದಲ್ಲಿ ಕುಯ್ದಿದ್ದಾರೆ. ಕುಯ್ದದ್ದು ಅತ್ತೆಯ ಕಣ್ಣಿಗೆ ಬಿದ್ದದ್ದು ನಾನು ಸೊಸೆಯಾಗಿ ಬಂದ ಮೇಲೆ, ಹಾಗಾಗಿ ಆ ಕಮಾನನ್ನು ನಾನೇ ಗುಜರಿಯವನಿಗೆ ಕೊಟ್ಟೆನೆಂದು ಆ ಮುದುಕಿ ಸಾಯುವತನಕ ನನ್ನನ್ನು ಬೈದಳು. ಹತ್ತೊಂಬತ್ತು ವರ್ಷ! ಬಂದವರಿಗೆಲ್ಲ ಕಾಫಿ ಕೊಡುವ ಮುಂಚೆ ಆ ಮಂಚ ತೋರಿಸಿ, “ನೋಡ್ರಮ್ಮಾ ನನ್ ಸೊಸೆ ಕೆಲ್ಸ” ಅನ್ನುತ್ತಿದ್ದಳು. ನಿನ್ನೆ ಸೈಕಲ್ಲಿನ ಕಮಾನನ್ನು ಬಿಚ್ಚಿ ಅಟ್ಟಕ್ಕೆ ಒಯ್ದು ಮಂಚಕ್ಕೆ ಹಿಡಿದೆ. ಕುಯ್ದ ಗಾಯಕ್ಕೆ ಗಾಯ ಕೂತಿತು, ಕೂದಲೆಳೆಯಷ್ಟೂ ಸಂದಿಲ್ಲ. ಆ ಮಂಚದ ಮೇಲೇ ಕೂತು ನಕ್ಕೆ, ಆಮೇಲೆ ಅತ್ತುಬಿಟ್ಟೆ.

ಇದು ಒರೆಸ್ತೆಯ ಸೈಕಲ್ಲು. ನಿನಗೆ ಮೊದಲ ದಿನವೇ ಗೊತ್ತಿತ್ತು. ನನ್ನ ಪ್ರಶ್ನೆ ಈಗ ಬೇರೆ. ಮಿಲಾನ್ ಸ್ಟೇಷನ್ನಿನಲ್ಲಿ ಕಳುವಾದ ಸೈಕಲ್ಲು ನಮ್ಮೂರ ಕಾಲುವೆಗೆ ಹೇಗೆ ಬಂತು?

ಕ್ಲೆಲಿಯಾ

*

(ಅಂಚೆ ಕಾರ್ಡು)

ಪೊಂತೆಸ್ತೊರ್ತೊ, 2 ಅಕ್ಟೋಬರ್

ಎರ್ಮೆಸ್, ಮೂರು ವಾರವಾಯಿತು. ಕಿವಿ ಹೋಗಿದೆ ಅಂದರು, ಕೈಯೂ ಹೋಯಿತೇನು? ನಾನು ಸುಮ್ಮನಾಗುವವಳಲ್ಲ. ಹೊಸ ಕಡ್ಡಿ ಹಾಕಿದೆ, ರಿಮ್ಮು ನೆಟ್ಟಗೆ ಮಾಡಿದೆ, ಸೀಟಿಗೆ ಅಡಿಗೆಮನೆ ಕುರ್ಚಿಯ ಕೆಂಪು ರೆಕ್ಸಿನ್ ಹೊದಿಸಿದೆ. ಗೇರು ಮಾತ್ರ ಕೂರುತ್ತಿಲ್ಲ, ಎರಡನೆಯದಕ್ಕೆ ಹೋಗಿ ಜಾರುತ್ತದೆ. — ಕ್ಲೆ.

*

ತೂರಿನ್,
11 ಅಕ್ಟೋಬರ್ 2003

ಕ್ಲೆಲಿಯಾ,

ಗೇರಿನ ತಂತಿ ಫ್ರೇಮಿನ ಕೆಳಗಿಂದಲ್ಲ, ಮೇಲಿನಿಂದ ಬರಬೇಕು. ಲಿವರಿನ ಬುಡದಲ್ಲಿ ಒಂದು ತೆಳು ಹಿತ್ತಾಳೆ ವಾಷರ್ ಇರಬೇಕು, ಅದು ಕೆಸರಿನಲ್ಲಿ ಹೋಗಿರುತ್ತದೆ. ಅದಿಲ್ಲದೆ ಕೂರುವುದಿಲ್ಲ. ಇದನ್ನು ಹೇಳಲು ನಾನು ಕಾಗದ ಹಿಡಿದೆ. ಹೇಳಿದ ಮೇಲೆ ಉಳಿದದ್ದನ್ನು ಮುಚ್ಚಿಟ್ಟು ಏನು ಪ್ರಯೋಜನ?

ವಿನ್ಯಾಸ ಒರೆಸ್ತೆಯದು, ಪೂರ್ತಿ ಅವನದು. ಅಮೆರಿಕದ ಒಂದು ಪತ್ರಿಕೆಯಲ್ಲಿ ಇಷ್ಟೇ ಇಷ್ಟು ಚಿತ್ರ ನೋಡಿ ಉಳಿದದ್ದನ್ನು ಅವನೇ ಕಲ್ಪಿಸಿಕೊಂಡ. ನಾನು ಬೆಸುಗೆ ಹಾಕಿದೆ. ಗುಂಡು ಕೆತ್ತಿದ್ದೂ ನಾನೇ. ನಾಲ್ಕು ತಿಂಗಳು ಬಾಗಿಲು ಮುಚ್ಚಿಕೊಂಡು ಕೆಲಸ ಮಾಡಿದೆವು, ಯಾರಾದರೂ ಕದ್ದು ನಕಲು ಮಾಡಿಯಾರೆಂದು.

ಮಿಲಾನಿಗೆ ಹೊರಟ ದಿನ ಬೆಳಗ್ಗೆ ಸ್ಟೇಷನ್ನಿಗೆ ಅದನ್ನು ತಳ್ಳಿಕೊಂಡು ಹೋಗಬೇಕೆಂದು ಒರೆಸ್ತೆ ನೂರು ಸಲ ಹೇಳಿದ್ದ. ಆದರೆ ಇಪ್ಪತ್ತೈದು ವರ್ಷದವನಿಗೆ ಅಂಥ ಸೈಕಲ್ಲನ್ನು ತಳ್ಳು ಅಂದರೆ ತಳ್ಳುತ್ತಾನೆಯೇ? ಹತ್ತಿದೆ. ಒಂದು ವಿಷಯ ಯೋಚಿಸು, ಕ್ಲೆಲಿಯಾ. ನಮ್ಮೂರು ರೊಟ್ಟಿ ಲಟ್ಟಿಸುವ ಮಣೆಯಷ್ಟು ಸಮ. ಏರು ಅಂತ ಇದ್ದರೆ ಕಾಲುವೆಯ ದಂಡೆ ಒಂದೇ. ನಾನು ಹುಟ್ಟಿದಾಗಿನಿಂದ ಗೇರ್ ಬದಲಾಯಿಸಿದವನಲ್ಲ, ಊರಲ್ಲಿ ಯಾರೂ ಬದಲಾಯಿಸಿದವರಲ್ಲ, ಬೇಕೇ ಆಗಿರಲಿಲ್ಲ. ಅಂಗಡಿಯಲ್ಲಿ ಸೈಕಲ್ಲನ್ನು ಹಗ್ಗಕ್ಕೆ ನೇತುಹಾಕಿ ಚಕ್ರ ತಿರುಗಿಸಿ ನೋಡಿದ್ದೆವು, ಅಷ್ಟೇ. ಒಮ್ಮೆಯಾದರೂ ಏರಿನಲ್ಲಿ ಗೇರು ನೋಡೋಣವೆಂದು ದಂಡೆ ಹತ್ತಿಸಿದೆ. ಗೇರು ಹಾಕಬೇಕು, ಲಿವರು ಮೊಣಕಾಲಿನ ನಡುವೆ. ತಲೆ ಬಗ್ಗಿಸಿ ನೋಡಿದೆ. ತಲೆ ಎತ್ತುವಷ್ಟರಲ್ಲಿ ದಂಡೆ ಮುಗಿದಿತ್ತು. ಗೇರು ಬಿತ್ತು. ನನ್ನ ಕಡೆಯಿಂದ ಸರಿಯಾಗಿ ಆದದ್ದು ಅದೊಂದೇ.

ನನಗೆ ಈಜು ಬಾರದು. ಜೊಂಡು ಹಿಡಿದು ಮೇಲೆ ಬಂದೆ. ಸೈಕಲ್ಲು ಕೆಳಗೆ ಹೋಯಿತು. ಸದ್ಯ ಯಾರೂ ನೋಡಲಿಲ್ಲ. ಒದ್ದೆ ಬಟ್ಟೆಯಲ್ಲೇ ರೈಲು ಹತ್ತಿ ಮಿಲಾನಿಗೆ ಹೋಗಿ ಎರಡು ದಿನ ಬೀದಿ ಅಲೆದು ಬಂದೆ, ಕಳುವಾಯಿತೆಂದು ಹೇಳಿದೆ. ನಿಜ ಹೇಳಿದ್ದರೆ ಅದೆಲ್ಮೊ ನನಗೆ ಸಾಯುವತನಕ “ಕಪ್ಪೆ” ಅಂತ ಹೆಸರಿಡುತ್ತಿದ್ದ. ನನ್ನನ್ನು ನೋಡಿ ಯಾರಾದರೂ ನಕ್ಕರೆ ನನಗೆ ತಡೆಯುವುದಿಲ್ಲ, ಚಿಕ್ಕಂದಿನಿಂದಲೂ ಹಾಗೆ.

ಇಷ್ಟೇ ಆಗಿದ್ದರೆ ನಿನಗೆ ಎಂದೋ ಬರೆಯುತ್ತಿದ್ದೆ. ಆದರೆ ಒಂದು ಭಾನುವಾರ ಬಾರಿನಲ್ಲಿ ಅದೆಲ್ಮೊ ಎಲ್ಲರೆದುರು, “ಲೋ ಎರ್ಮೆಸ್, ದೇವರಾಣೆ ಹೇಳು, ಆ ಸೈಕಲ್ ಇತ್ತೇನೋ ನಿಜವಾಗ್ಲೂ?” ಎಂದು ಕೇಳಿದ. ಒರೆಸ್ತೆ ನನ್ನ ಪಕ್ಕದಲ್ಲೇ ಕೂತಿದ್ದ. ಇತ್ತು ಅಂದರೆ ಮುಂದಿನ ಪ್ರಶ್ನೆ ಬರುತ್ತದೆ. ನಾನು ಹೆಗಲು ಹಾರಿಸಿ ನಕ್ಕುಬಿಟ್ಟೆ. ಎಲ್ಲರೂ ಹೋ ಎಂದು ನಕ್ಕರು. ಒರೆಸ್ತೆ ನನ್ನ ಮುಖ ನೋಡಲಿಲ್ಲ, ತನ್ನ ಲೋಟ ನೋಡಿದ. ಮುಂದಿನ ತಿಂಗಳೇ ನಾನು ತೂರಿನ್ನಿಗೆ ಹೊರಟೆ.

ಅವನು ಸತ್ತಾಗ ಬರಲು ಮುಖವಿರಲಿಲ್ಲ. ಹೂವು ನನ್ನದೇ. ಈ ಕಾಗದವನ್ನು ಬಾರಿನಲ್ಲಿ ಓದು, ಗೋಡೆಗೆ ಅಂಟಿಸು, ಏನು ಬೇಕಾದರೂ ಮಾಡು.

ಎರ್ಮೆಸ್

*

ಪೊಂತೆಸ್ತೊರ್ತೊ,
18 ಅಕ್ಟೋಬರ್ 2003

ಎರ್ಮೆಸ್,

ಓದಿದೆ. ಎರಡು ದಿನ ನಿನ್ನನ್ನು ಮನಸಾರೆ ಶಪಿಸಿದೆ. ಮೂರನೆಯ ದಿನ ವಾಷರ್ ಹಾಕಿದೆ, ಗೇರು ಕೂತಿತು.

ನಿನ್ನ ಕಾಗದವನ್ನು ನಾನು ಓದುವುದಿಲ್ಲ. ನೀನು ನಕ್ಕದ್ದು ಕಾಗದದಲ್ಲಲ್ಲ, ಅದೇ ಬಾರಿನಲ್ಲಿ, ಅದೇ ಜನರ ಎದುರು. ಹೇಳುವುದೂ ಅಲ್ಲೇ ಆಗಲಿ. ನವೆಂಬರ್ ಎರಡು ಸತ್ತವರ ದಿನ, ಈ ಸಲ ಭಾನುವಾರವೇ ಬಂದಿದೆ. ಎಲ್ಲರೂ ಗೋರಿಗಳಿಗೆ ಸೇವಂತಿಗೆ ಇಟ್ಟು ನೇರ ನೆರೀನಾಳ ಬಾರಿಗೆ ಬರುತ್ತಾರೆ. ಸ್ಮಶಾನದ ಗೇಟಿನಿಂದ ಬಾರಿನತನಕ ನೀನು ಆ ಸೈಕಲ್ಲನ್ನು ಹೊಡೆದುಕೊಂಡು ಬರಬೇಕು. ನಡುವೆ ಕಾಲುವೆಯಿಲ್ಲ, ಹೆದರಬೇಡ.

ನಗುತ್ತಾರೆ. ನಗಲಿ. ಒರೆಸ್ತೆ ಮೂವತ್ನಾಲ್ಕು ವರ್ಷ ತಡೆದುಕೊಂಡ, ನೀನು ಅರ್ಧ ಗಂಟೆ ತಡೆದುಕೊ.

ಕ್ಲೆಲಿಯಾ

*

ತೂರಿನ್,
24 ಅಕ್ಟೋಬರ್ 2003

ಕ್ಲೆಲಿಯಾ,

ಹತ್ತು ಗಂಟೆಯ ಬಸ್ಸಿಗೆ ಬರುತ್ತೇನೆ. ನನ್ನನ್ನು ಊಟಕ್ಕೆ ಕರೆಯಬೇಡ.

ಎರ್ಮೆಸ್

*

ಪೊಂತೆಸ್ತೊರ್ತೊ,
4 ನವೆಂಬರ್ 2003

ಎರ್ಮೆಸ್, ಪೆದ್ದಾ,

ಹಾಗೆ ಓಡಿಹೋಗುತ್ತಾರೆಯೇ? ನಾನು ಬಸ್ಸಿನ ಹಿಂದೆ ಕೂಗಿಕೊಂಡು ಬಂದೆ. ಕಿವುಡನ ಹಿಂದೆ ಕೂಗುತ್ತಾ ಓಡುವವಳಿಗೆ ನಿನಗಿಂತ ಹೆಚ್ಚು ಬುದ್ಧಿ ಇದೆ ಎಂದು ಇನ್ನು ಹೇಳಿಕೊಳ್ಳುವುದಿಲ್ಲ. ಚೀಲ ಬಿಟ್ಟುಹೋಗಿದ್ದೀಯ. ನಿನ್ನ ಪೈಜಾಮ, ಹಲ್ಲುಜ್ಜುವ ಬ್ರಷ್ಷು ಇಲ್ಲೇ ಇವೆ. ಊಟಕ್ಕೆ ಕರೆಯಬೇಡ ಅಂದವನು ಪೈಜಾಮ ತಂದಿದ್ದೆಯಲ್ಲ!

ನೀನು ಕಣ್ಣು ಮುಚ್ಚಿಕೊಂಡು ಮಾತಾಡಿದೆ, ಅದಕ್ಕೇ ನಿನಗೆ ಏನೂ ಕಾಣಲಿಲ್ಲ. ನಾನು ಹೇಳುತ್ತೇನೆ ಕೇಳು. ಕಿವಿ ಕೇಳಿಸದವರು ಎಷ್ಟು ಜೋರಾಗಿ ಮಾತಾಡುತ್ತಾರೆಂದು ನಿನಗೆ ಗೊತ್ತಿಲ್ಲ. ಚೌಕದ ಆಚೆ ಹೂ ಮಾರುವವರು ಕೂಡ ಅಂಗಡಿ ಬಿಟ್ಟು ಬಂದು ಬಾಗಿಲಲ್ಲಿ ನಿಂತರು. ದಂಡೆ ಹತ್ತಿದ್ದು ಹೇಳಿದೆ, ತಲೆ ಬಗ್ಗಿಸಿದ್ದು ಹೇಳಿದೆ, ಆ ಭಾನುವಾರ ನಕ್ಕದ್ದು ಹೇಳಿದೆ. ಅಷ್ಟು ಹೊತ್ತೂ ಒಬ್ಬರೂ ನಗಲಿಲ್ಲ, ಎರ್ಮೆಸ್. ಅದೆಲ್ಮೊ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ.

ಆಮೇಲೆ ನೀನು ಕಣ್ಣು ಬಿಟ್ಟು, ನೆರೀನಾಗೆ ಲಿವರು ತೋರಿಸಲು ಹಿಂದೆ ತಿರುಗಿದೆ. ಆಗ ನಕ್ಕರು. ತಪ್ಪು ನನ್ನದು. ಕಮಾನಿಗೆ ಶನಿವಾರವಷ್ಟೇ ಕೆಂಪು ಬಣ್ಣ ಬಳಿದಿದ್ದೆ, ಈ ಮಂಜಿನಲ್ಲಿ ಅದು ಒಣಗಿರಲಿಲ್ಲ, ನಿನಗೆ ಹೇಳಲು ಮರೆತೆ. ನಿನ್ನ ಒಳ್ಳೆಯ ಬೂದು ಕೋಟಿನ ಬೆನ್ನಮೇಲೆ ನನ್ನ ಅತ್ತೆಯ ಮಂಚದ ಕಮಾನು ಹಾಗೆಹಾಗೇ ಅಚ್ಚಾಗಿತ್ತು. ಪಾದ್ರಿಗಳೂ ನಕ್ಕರು. ನೀನು ಅವರ ಬಾಯಿ ನೋಡಿ, ಕಾಲುವೆಗೆ ಬಿದ್ದದ್ದಕ್ಕೆ ನಗುತ್ತಿದ್ದಾರೆಂದು ತಿಳಿದು ಬಸ್ಸಿಗೆ ಓಡಿದೆ. ಕೋಟಿಗೆ ಟರ್ಪೆಂಟೈನ್ ಹಚ್ಚು, ನೀರು ಹಾಕಬೇಡ.

ನೀನು ಹೋದ ಮೇಲೆ ಆದದ್ದು ಕೇಳಿಸಿಕೊ. ನೆರೀನಾ ಕೌಂಟರ್ ಒರೆಸುವುದನ್ನು ನಿಲ್ಲಿಸಿ ಹೇಳಿದಳು, “ಅವತ್ತು ನಾನ್ ನೋಡಿದ್ದೆ ಕಣ್ರೋ. ದಂಡೆ ಕೆಳಗೆ ಮೊಲಕ್ಕೆ ಹುಲ್ಲು ಕೊಯ್ತಾ ಇದ್ದೆ. ಈ ಮನುಷ್ಯ ತಲೆ ಬಗ್ಗಿಸ್ಕೊಂಡು ಸೀದಾ ನೀರಿಗೇ ಹೋದ. ಅವತ್ತೇ ಹೋಗಿ ಒರೆಸ್ತೆಗೆ ಹೇಳ್ದೆ.”

ಅದೆಲ್ಮೊನೇ ಕೇಳಿದ, “ಮತ್ತೆ ಇಷ್ಟು ವರ್ಷ ಯಾಕ್ ಸುಮ್ನಿದ್ದೆ ಮಹಾತಾಯಿ?”

“ಒರೆಸ್ತೆ ಆಣೆ ಹಾಕಿಸ್ಕೊಂಡಿದ್ದ. ‘ನೆರೀನಾ, ನನ್ನ ನೋಡಿ ನಕ್ಕರೆ ನಾನು ಮನೆಗ್ ಹೋಗಿ ಉಂಡು ಮಲಗ್ತೀನಿ. ಅವನನ್ನ ನೋಡಿ ನಕ್ಕರೆ ಅವನು ಊರು ಬಿಟ್ ಹೋಗ್ತಾನೆ. ಸುಮ್ನಿದ್ಬಿಡು’ ಅಂದ.”

“ಹಾಗಾದ್ರೆ ಎರ್ಮೆಸ್ ಇಲ್ಲಿ ಕೂತ್ಕೊಂಡು ನಕ್ಕನಲ್ಲ, ಅವತ್ತು?”

“ಅವತ್ತೂ ಗೊತ್ತಿತ್ತು ಒರೆಸ್ತೆಗೆ.”

ಎರ್ಮೆಸ್, ಅವನಿಗೆ ಗೊತ್ತಿತ್ತು. ನೀನು ನಕ್ಕಾಗ ಪಕ್ಕದಲ್ಲಿ ಕೂತು, ಎಲ್ಲ ಗೊತ್ತಿದ್ದೂ, ಲೋಟ ನೋಡಿದ. ನಿನ್ನನ್ನು ಉಳಿಸಿಕೊಳ್ಳಲು ಸುಳ್ಳುಬುರುಕನಾದ, ಆದರೂ ನೀನು ಹೋದೆ, ಆಗಲೂ ಅವನು ಬಾಯಿ ಬಿಡಲಿಲ್ಲ. ನನಗೂ ಹೇಳಲಿಲ್ಲ ನೋಡು! ಮೂವತ್ತೆರಡು ವರ್ಷ ಒಂದೇ ಮೇಜಿನಲ್ಲಿ ಉಂಡವಳು ನಾನು. ಅವನ ಪರವಾಗಿ ಇಡೀ ಊರಿನ ಜೊತೆ ಜಗಳವಾಡಿದವಳು. ಬಾರಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ನಾನು ಸೈಕಲ್ಲಿನ ಸೀಟಿನ ಮೇಲೇ ಕೂತುಬಿಟ್ಟೆ.

ನಿನ್ನೆ ಬೆಳಗ್ಗೆ ಸ್ಮಶಾನಕ್ಕೆ ಹೋಗಿ ಅವನಿಗೆ ಚೆನ್ನಾಗಿ ಬೈದೆ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟೇ ಬೈದೆ. ಅರ್ಧಕ್ಕೆ ಅಳು ಬಂದು ಮಾತು ನಿಂತುಹೋಯಿತು. ಉಳಿದರ್ಧ ನೀನು ಬಂದು ಬೈಯಬೇಕು. ನೀನಾದರೆ ಜೋರಾಗಿ ಮಾತಾಡುತ್ತೀಯ, ಅವನಿಗೆ ಕೇಳಿಸುತ್ತದೆ.

ಭಾನುವಾರ ಬಾ. ಊಟಕ್ಕೇ ಬಾ.

ಕ್ಲೆಲಿಯಾ